ಐವತ್ತು ಕೆಜಿ ಆಗಿ ಬರ್ರಿ

ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಕುರುಗೋಡಿನಲ್ಲಿ ಬೆಳಗಿನ ಬಸ್ಸು ಹತ್ತಿ ಕೂತ ಕೂಡಲೇ, ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದಾರೋ ಇಲ್ಲವೋ ಎಂಬಲ್ಲಿಂದ ಶುರು ಮಾಡುತ್ತೇನೆ. ಬಳ್ಳಾರಿ ಮುಟ್ಟುವಷ್ಟರಲ್ಲಿ ಡ್ರೈವರನ ಕಣ್ಣು, ಬಸ್ಸಿನ ಟೈರು, ನಮ್ಮ ಯೂನಿಟ್ಟಿನ ಬಾಯ್ಲರು, ಮಗಳ ಪರೀಕ್ಷೆ, ನನ್ನ ಎದೆಯ ಎಡಭಾಗ ಎಲ್ಲವನ್ನೂ ಒಂದು ಸುತ್ತು ಮುಗಿಸಿರುತ್ತೇನೆ. ರೋಗಗಳ ವಿಷಯದಲ್ಲಂತೂ ನಾನು ಯಾರಿಗೂ ಕಡಿಮೆಯಿಲ್ಲ. ಹೃದಯ, ಕಿಡ್ನಿ, ಲಿವರು, ಪಾರ್ಶ್ವವಾಯು, ಎಲ್ಲಕ್ಕೂ ಮುಂಗಡವಾಗಿ ಹೆದರಿ ಇಟ್ಟಿದ್ದೆ. ಒಮ್ಮೆ ಬೀದಿನಾಯಿಯೊಂದು ನನ್ನ ಚಪ್ಪಲಿ ನೆಕ್ಕಿತೆಂದು ಮೂರು ತಿಂಗಳು ದಿನಾ ಬೆಳಿಗ್ಗೆ ತಂಬಿಗೆಯ ನೀರು ನೋಡಿ, ಹೆದರಿಕೆ ಆಗುತ್ತದೋ ಇಲ್ಲವೋ ಎಂದು ಪರೀಕ್ಷಿಸಿಕೊಂಡವನು ನಾನು.

ಇಷ್ಟೆಲ್ಲ ಸಿದ್ಧತೆಯ ಮೇಲೆ ರೋಗ ಬಂದದ್ದು ನನ್ನ ಪಟ್ಟಿಯಲ್ಲೇ ಇಲ್ಲದ ಅಂಗಕ್ಕೆ. ಮೇದೋಜೀರಕ ಗ್ರಂಥಿ. ನಲವತ್ತೇಳು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದ್ದರೂ ಅಂಥದ್ದೊಂದು ನನ್ನ ಬಳಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಅದರ ಅರ್ಧ ಉಳಿದಿತ್ತು.

ಇದನ್ನು ಬರೆಯುತ್ತಿರುವುದು ಧೈರ್ಯ ಹೇಳಲಿಕ್ಕಲ್ಲ. ಧೈರ್ಯ ನನ್ನ ಬಳಿ ಇಲ್ಲ. ಇಲ್ಲದ್ದನ್ನು ಹೇಗೆ ಹಂಚಲಿ? ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತ ಒಬ್ಬರು, ಇಂಥ ಮೂರ್ಖತನ ಮಾಡಿದವನು ನಾನೊಬ್ಬನೇ ಅಲ್ಲ ಎಂದುಕೊಂಡರೆ ಸಾಕು.

ನಾನು ಬಳ್ಳಾರಿಯ ಒಂದು ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ ವಾಷಿಂಗ್ ಮಾಸ್ಟರ್. ಹೊಲಿದು ಬಂದ ಪ್ಯಾಂಟು ಹಲಗೆಯಂತೆ ಬಿರುಸಾಗಿರುತ್ತದೆ. ಅದನ್ನು ಮೆತ್ತಗೆ ಮಾಡಿ, ಹತ್ತು ವರ್ಷ ತೊಟ್ಟಂತೆ ಬಣ್ಣ ಇಳಿಸಿ ಕೊಡುವುದು ನನ್ನ ಕಸುಬು. ಈ ಕೆಲಸ ಮಾಡುವುದು ಎಂಜೈಮು. ಪುಸ್ತಕಗಳಲ್ಲಿ ಕಿಣ್ವ ಎನ್ನುತ್ತಾರೆ. ನಮ್ಮಲ್ಲಿ ಆ ಮಾತು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಕ್ಯಾನಿನಿಂದ ಅಳತೆಯಷ್ಟು ಸುರಿದು, ನೀರನ್ನು ಹದವಾಗಿ ಬಿಸಿ ಮಾಡಿ, ಸ್ವಲ್ಪ ಆಸಿಡ್ ಕೂಡಿಸಿ ಹುಳಿ ಮಾಡಿ, ನಲವತ್ತು ನಿಮಿಷ ಮಷಿನ್ ತಿರುಗಿಸಬೇಕು. ಎಂಜೈಮು ಬಟ್ಟೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ತಿನ್ನುತ್ತದೆ. ಆಮೇಲೆ ಅದನ್ನು ಸಾಯಿಸಬೇಕು. ನೀರನ್ನು ಕುದಿಯುವ ಹತ್ತಿರ ತಂದು ಸೋಡಾ ಹಾಕಿದರೆ ಸಾಯುತ್ತದೆ. ಸಾಯಿಸದೆ ಬಿಟ್ಟರೆ ತಿನ್ನುತ್ತಲೇ ಇರುತ್ತದೆ. ನಾನು ಹೊಸಬನಿದ್ದಾಗ ಒಮ್ಮೆ ಕರೆಂಟು ಹೋಗಿ, ಸಾಯಿಸದ ಒಂದು ಲಾಟ್ ಹಾಗೆಯೇ ಒದ್ದೆಯಾಗಿ ಬಿದ್ದಿತ್ತು. ಮರುದಿನ ಎತ್ತಿದರೆ ತೊಡೆಯ ಭಾಗ ಹಪ್ಪಳದಂತೆ ಕೈಗೆ ಬಂತು.

ಆ ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಮಷಿನ್ನಿನ ಮುಂದೆ ನಿಂತಿದ್ದೆ. ಉಗ್ಗಾಣಿ, ಮಿರ್ಚಿ ತಿಂದು ಒಂದು ಗಂಟೆಯಾಗಿತ್ತು. ಹೊಕ್ಕುಳಿನ ಮೇಲೆ ಯಾರೋ ಗೂಟ ಹೊಡೆದಂತಾಯಿತು. ಗೂಟ ಬೆನ್ನಿನಾಚೆ ಹೊರಬಿತ್ತು. ಬಗ್ಗಿದರೆ ಸ್ವಲ್ಪ ಕಡಿಮೆ, ನಿಂತರೆ ಜಾಸ್ತಿ. ನಾನು ಪ್ಯಾಂಟಿನ ಗುಡ್ಡೆಯ ಮೇಲೆ ಬೋರಲಾಗಿ ಬಿದ್ದೆ.

ಬಾಯ್ಲರ್ ನೋಡಿಕೊಳ್ಳುವ ತಿಪ್ಪಣ್ಣ ಓಡಿ ಬಂದ. "ಮಾಸ್ಟ್ರೇ, ಗ್ಯಾಸಾ?"

"ಹಾರ್ಟು," ಎಂದೆ. ಇಷ್ಟು ವರ್ಷ ಕಾದಿದ್ದಕ್ಕೆ ಅದೇ ಇರಬೇಕೆಂಬ ನಂಬಿಕೆ.

"ಹಾರ್ಟು ಇಷ್ಟು ಕೆಳಗ ಇರಂಗಿಲ್ರೀ," ಎಂದು ಅವನು ನನ್ನನ್ನು ಎತ್ತಿ ಆಟೋಕ್ಕೆ ಹಾಕಿದ.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡರು. ರಿಪೋರ್ಟು ಬಂತು: ರಕ್ತದಲ್ಲಿ ಎಂಜೈಮು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನೋವಿನಲ್ಲೂ ನನಗೆ ಹೊಳೆದದ್ದು, ಯೂನಿಟ್ಟಿನ ಕ್ಯಾನಿನದು ನನ್ನ ಮೈಯೊಳಗೆ ಹೋಗಿದೆ ಎಂದು. ಕೈತೊಳೆಯದೆ ಮಿರ್ಚಿ ತಿಂದೆನೇ? ಇದನ್ನೇ ನರ್ಸಮ್ಮನಿಗೆ ಹೇಳಿದೆ. ಆಕೆ ಅದಕ್ಕೆ ಕಿವಿಗೊಡದೆ ತೆಲುಗಿನಲ್ಲಿ ಕೇಳಿದಳು: "ರೋಜೂ ತಾಗುತಾವಾ?" ದಿನಾ ಕುಡಿಯುತ್ತೀಯಾ ಎಂದು.

"ಇಲ್ರೀ ಅಮ್ಮಾ, ನಾನು ನಮಾಜಿನವ."

"ಎಲ್ಲಾರೂ ಮದ್ಲು ಹಂಗ ಅಂತಾರ," ಎಂದು ಕನ್ನಡಕ್ಕೆ ಬಂದು ಸಲೈನ್ ಚುಚ್ಚಿದಳು.

ಆಮೇಲೆ ಬಂದ ಸಣ್ಣ ಡಾಕ್ಟರು ಕೇಳಿದರು. ಸ್ಕ್ಯಾನಿನವರು ಕೇಳಿದರು. ಪಕ್ಕದ ಹಾಸಿಗೆಯವರ ಅತ್ತಿಗೆ ಕೇಳಿದಳು. ಮೂರನೆಯ ದಿನ ನನ್ನ ಹೆಂಡತಿ ಶಂಶಾದ್, ಇಪ್ಪತ್ತೆರಡು ವರ್ಷ ನನ್ನ ಜೊತೆ ಬಾಳಿದವಳು, ತಲೆದಿಂಬು ಸರಿಮಾಡುವ ನೆಪದಲ್ಲಿ ಮುಖದ ಹತ್ತಿರ ಬಗ್ಗಿ ಮೂಸಿದಳು.

"ಏನ್ ಮಾಡಾಕತ್ತಿ?"

"ಏನಿಲ್ರೀ." ದಿಂಬಿನ ಅಂಚು ಮಡಚುತ್ತ: "ಯೂನಿಟ್ಟಿನಾಗ ಎಲ್ಲಾರೂ ಕುಡೀತಾರಂತ. ಖರೇ ಹೇಳ್ರಿ, ನಾನೇನು ಅನ್ನಂಗಿಲ್ಲ."

ನನಗೆ ಅಳು ಬಂತು. ಕುಡಿದಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು. ಬಿಟ್ಟುಬಿಡುತ್ತೇನೆ ಎನ್ನಲಿಕ್ಕೆ ಏನಾದರೂ ಇರುತ್ತಿತ್ತು.

ಹೊಟ್ಟೆ ರೋಗದ ಡಾಕ್ಟರಮ್ಮ ಐದನೆಯ ದಿನ ಸಿಕ್ಕರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆಗಳನ್ನು ತೋರಿಸಿದರು. ಗ್ರಂಥಿಯ ನಾಳದ ತುಂಬ ಕಲ್ಲು. ಇದು ನಿನ್ನೆ ಮೊನ್ನೆಯದಲ್ಲ, ವರ್ಷಗಳಿಂದ ಸದ್ದಿಲ್ಲದೆ ನಡೆದದ್ದು ಎಂದರು.

"ನಾನು ಕುಡಿಯಂಗಿಲ್ರೀ," ಎಂದೆ, ಕೇಳುವ ಮೊದಲೇ.

"ಗೊತ್ತಾತು. ಕುಡೀಲಾರ್ದವ್ರಿಗೂ ಬರ್ತೈತಿ. ನಿಮ್ಮ ಕೆಲಸ ಏನು?"

ಹೇಳಿದೆ. ಅವರ ಮುಖ ಅರಳಿತು. "ಹಂಗಾರ ನಿಮಗ ತಿಳಿಸೋದು ಹಗುರ. ಊಟ ಕರಗಿಸೋ ಎಂಜೈಮು ಈ ಗ್ರಂಥಿಯಾಗ ತಯಾರಾಗ್ತೈತಿ. ಆದ್ರ ಇಲ್ಲಿ ಇರೋತನಕ ಅದು ಮಲಗಿರ್ತೈತಿ. ಕರುಳಿಗೆ ಹೋದ ಮ್ಯಾಲೇ ಎಚ್ಚರ ಆಗ್ಬೇಕು. ತಪ್ಪಿ ಒಂದೆರಡು ಇಲ್ಲೇ ಎದ್ರ, ಹಿಡಿದು ಮಲಗಿಸಾಕ ಕಾವಲು ಇರ್ತೈತಿ. ಕೆಲವ್ರಿಗೆ ಹುಟ್ಟಿನಿಂದ ಆ ಕಾವಲು ಬಲ ಇರಂಗಿಲ್ಲ."

"ಅಂದ್ರ ಸಾಯಿಸೋರು ಇಲ್ಲ," ಎಂದೆ.

"ಹೂಂ. ಒಳಗ ಎದ್ದದ್ದು ನಿಮ್ಮನ್ನ ತಿನ್ನಾಕತ್ತೈತಿ."

ಬೇರೆ ರೋಗಿಗಳಿಗೆ ಈ ಮಾತು ಒಂದು ಹೋಲಿಕೆಯಾಗಿ ಕೇಳಿಸುತ್ತದೇನೋ. ನಾನು ಆ ಹಪ್ಪಳದಂಥ ತೊಡೆಯನ್ನು ಕೈಯಿಂದ ಮುಟ್ಟಿ ನೋಡಿದವನು. ತಿಳಿವಳಿಕೆ ಎಲ್ಲ ಸಲವೂ ಮೇಲಲ್ಲ.

ಆಮೇಲೆ ಅವರು ದಾರಿ ಹೇಳಿದರು. ನಾಳವನ್ನು ಉದ್ದಕ್ಕೆ ತೆರೆದು, ಕಲ್ಲು ತೆಗೆದು, ಕರುಳಿಗೆ ಜೋಡಿಸುವ ಆಪರೇಶನ್. ನೋವು ಇಳಿಯುತ್ತದೆ, ಮುಖ್ಯವಾಗಿ ಉಳಿದಿರುವ ಅರ್ಧ ಗ್ರಂಥಿಯನ್ನು ಉಳಿಸಿಕೊಳ್ಳಬಹುದು. ಆದರೆ ನಾನಿದ್ದದ್ದು ನಲವತ್ತಾರು ಕೆಜಿ. "ಈ ಮೈಗೆ ಕತ್ತರಿ ಹಾಕಿದ್ರ ಗಾಯ ಕೂಡಂಗಿಲ್ಲ. ಎಂಜೈಮಿನ ಕ್ಯಾಪ್ಸೂಲ್ ಬರ್ದೀನಿ, ಊಟದ ಜೋಡಿ ತಗೋರಿ, ತಿಂದದ್ದು ಮೈಗೆ ಹತ್ತತೈತಿ. ಐವತ್ತು ಕೆಜಿ ಆಗಿ ಬರ್ರಿ. ಬೇಗ ಬರ್ರಿ. ತಡ ಆದ್ರ ಉಳಿಸಾಕ ಅಲ್ಲಿ ಏನೂ ಇರಂಗಿಲ್ಲ."

ನಾಲ್ಕು ಕೆಜಿ. ಮದುವೆ ಊಟಗಳ ಸೀಸನ್ನಿನಲ್ಲಿ ಜನ ನಾಲ್ಕು ಕೆಜಿ ಹೆಚ್ಚಾದೆವೆಂದು ಅಳುತ್ತಾರೆ. ನನಗೆ ಅಷ್ಟೇ ಬೇಕಿತ್ತು.

ಈಗ ನನ್ನ ಮೂರ್ಖತನಕ್ಕೆ ಬರುತ್ತೇನೆ.

ಕ್ಯಾಪ್ಸೂಲಿನ ಡಬ್ಬಿ ಮನೆಗೆ ಬಂತು. ಮೇಲೆ ಬರೆದ ಹೆಸರಿನ ಕೆಳಗೆ ಎಂಜೈಮು ಎಂಬ ಮಾತು ಕಂಡಿದ್ದೇ ನಾನು ರೋಗಿಯಾಗಿ ಉಳಿಯಲಿಲ್ಲ, ಮಾಸ್ಟರ್ ಆಗಿಬಿಟ್ಟೆ. ಇಪ್ಪತ್ತು ವರ್ಷ ಎಂಜೈಮು ಆಡಿಸಿದವನು ನಾನು. ಅದಕ್ಕೆ ಹದವಾದ ಬಿಸಿನೀರು ಬೇಕು. ಹುಳಿ ಬೇಕು. ಕೆಲಸಕ್ಕೆ ಹತ್ತಲಿಕ್ಕೆ ಹೊತ್ತು ಬೇಕು. ಯಾವ ಮಾಸ್ಟರನೂ ಸೀಲು ಒಡೆಯದೆ ಕ್ಯಾನನ್ನೇ ಮಷಿನ್ನಿಗೆ ಹಾಕುವುದಿಲ್ಲ. ಆದ್ದರಿಂದ ನಾನು ಕ್ಯಾಪ್ಸೂಲನ್ನು ಬಿಡಿಸಿ, ಒಳಗಿನ ಸಣ್ಣ ಕಾಳುಗಳನ್ನು ಶಂಶಾದಳ ಕೈಲಿ ಕುಟ್ಟಿಸಿ ಪುಡಿಮಾಡಿ, ಉಗುರುಬೆಚ್ಚಗಿನ ನೀರಿಗೆ ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಊಟಕ್ಕೆ ನಲವತ್ತು ನಿಮಿಷ ಮೊದಲು ಕುಡಿಯುತ್ತಿದ್ದೆ. ಹೊಟ್ಟೆಯೊಳಗೆ ಮೊದಲು ನೀರು ತಯಾರಾಗಲಿ, ಆಮೇಲೆ ರೊಟ್ಟಿ ಬೀಳಲಿ ಎಂಬ ಲೆಕ್ಕ.

ಮಗಳು ನಸೀಮಾ ಪಿಯುಸಿ ಸೈನ್ಸ್ ಓದುತ್ತಿದ್ದಳು. ಡಬ್ಬಿಯೊಳಗಿನ ಚೀಟಿ ಬಿಚ್ಚಿ ನೋಡಿ ಎಂದಳು: "ಅಪ್ಪಾ, ಇದ್ರಾಗ ಕಾಳು ಒಡೀಬ್ಯಾಡ್ರಿ ಅಂತ ಬರ್ದೈತಿ."

"ಅದು ಗೊತ್ತಿಲ್ಲದವ್ರಿಗೆ ಬರೆದಿರ್ತಾರವ್ವಾ."

"ಊಟದ ಜೋಡಿ ಅಂತನೂ ಐತಿ."

"ನೀ ಹುಟ್ಟೋಕ್ಕಿಂತ ಮದ್ಲಿಂದ ನಾ ಎಂಜೈಮು ಹಾಕಾಕತ್ತೀನಿ. ನಂಗ ಕಲಿಸ್ತೀಯಾ?"

ಅವಳು ಚೀಟಿ ಮಡಚಿ ಡಬ್ಬಿಯೊಳಗಿಟ್ಟಳು. ಅಪ್ಪಂದಿರು ಇಂಥ ಮಾತಾಡಿದರೆ ಹುಡುಗಿಯರು ಎರಡನೆಯ ಸಲ ಹೇಳುವುದಿಲ್ಲ. ಅವಳು ಎರಡನೆಯ ಸಲ ಹೇಳಬೇಕಿತ್ತು ಎಂದು ನಾನು ಎಷ್ಟೋ ದಿನ ಅವಳ ಮೇಲೆಯೇ ಸಿಟ್ಟಾಗಿದ್ದೆ. ಅಂಥ ಮನುಷ್ಯ ನಾನು.

ನಾಲ್ಕು ತಿಂಗಳು ಹೀಗೆ ನಡೆಯಿತು. ತಿಂದದ್ದು ಮೈಗೆ ಹತ್ತಲಿಲ್ಲ. ಎಲ್ಲಿಗೆ ಹೋಗುತ್ತಿತ್ತೆಂದು ನನಗೆ ಗೊತ್ತಿತ್ತು. ಪಾಯಿಖಾನೆಯಲ್ಲಿ ಎಣ್ಣೆ ಎಣ್ಣೆಯಾಗಿಯೇ ತೇಲುತ್ತಿತ್ತು, ಎರಡು ಬಕೆಟ್ ನೀರು ಸುರಿದರೂ ಹೋಗುತ್ತಿರಲಿಲ್ಲ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಈ ಒಂದು ಸಂಗತಿಯನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಹೆಣ್ಣುಮಗಳ ಮುಂದೆ ಹೇಗೆ ಹೇಳಲಿ ಎಂದು. ಆಕೆ ಇಡೀ ದಿನ ಅದನ್ನೇ ಕೇಳುವ ಹೊಟ್ಟೆಯ ಡಾಕ್ಟರು ಎಂಬುದು ತಲೆಗೆ ಹೊಳೆಯಲಿಲ್ಲ.

ಯೂನಿಟ್ಟಿನಲ್ಲಿ ಲಾಟ್ ತೂಗುವ ದೊಡ್ಡ ಕಾಂಟಾ ಇದೆ. ವಾರಕ್ಕೊಮ್ಮೆ ಎಲ್ಲರೂ ಊಟಕ್ಕೆ ಹೋದಾಗ ಅದರ ಮೇಲೆ ನಿಲ್ಲುತ್ತಿದ್ದೆ. ನಲವತ್ತೈದೂವರೆ. ನಲವತ್ನಾಲ್ಕು. ನಲವತ್ಮೂರು. ಒಮ್ಮೆ ತಿಪ್ಪಣ್ಣ ಹಿಂದಿನಿಂದ ಬಂದು ನೋಡಿಬಿಟ್ಟ.

"ಮಾಸ್ಟ್ರೇ, ಒಂದು ಜೀನ್ಸ್ ಬಿಚ್ಚಿಟ್ಟು ನಿಂತೀರೇನು?"

ತಮಾಷೆಗೆ ಅಂದ. ನಾನು ನಗಲಿಲ್ಲವೆಂದು ಅವನೇ ಮುಖ ತಿರುಗಿಸಿಕೊಂಡ. ಮರುದಿನದಿಂದ ಭಾರದ ಬುಟ್ಟಿಗಳನ್ನು ನಾನು ಎತ್ತುವ ಮೊದಲೇ ಅವನು ಎತ್ತಿ ಇಟ್ಟಿರುತ್ತಿದ್ದ. ಆ ವರ್ಷ ನನಗೆ ಸಿಕ್ಕ ಒಳ್ಳೆಯದನ್ನು ಬೆರಳಲ್ಲಿ ಎಣಿಸಿದರೆ ಇದು ಮೊದಲ ಬೆರಳು. ಎರಡನೆಯದಕ್ಕೆ ಹುಡುಕಬೇಕು.

ಸಿರುಗುಪ್ಪದಲ್ಲಿರುವ ನನ್ನ ಅಕ್ಕ ಮಾಬಮ್ಮ ಒಂದು ಮೂಟೆ ಅಕ್ಕಿ ಹೊರಿಸಿಕೊಂಡು ಬಂದಿಳಿದಳು. ಬಾಗಿಲಲ್ಲಿ ನನ್ನನ್ನು ನೋಡಿದವಳೇ ಶಂಶಾದಳ ಕಡೆ ತಿರುಗಿದಳು. "ಏನವ್ವಾ, ನನ್ನ ತಮ್ಮಗ ಅನ್ನ ಹಾಕಂಗಿಲ್ಲೇನು?"

"ಹಾಕ್ತೀನಿ ಅತ್ತಿಗಿ. ತಿಂದದ್ದು ಹಂಗ ಹೊರಗ ಹೋಗ್ತೈತಿ."

"ಹಂಗಂದ್ರ?"

ಶಂಶಾದ್ ಸೆರಗು ಬಾಯಿಗೆ ಹಿಡಿದು ವಿವರಿಸಿದಳು. ಅಕ್ಕ ನನ್ನನ್ನು ಸಿರುಗುಪ್ಪಕ್ಕೆ ಎಳೆದೊಯ್ದು ಹದಿನೈದು ದಿನ ಇಟ್ಟುಕೊಂಡಳು. ದರ್ಗಾದಲ್ಲಿ ಸಕ್ಕರೆ ಇಟ್ಟು ಫಾತಿಹಾ ಓದಿಸಿದಳು. ರಾರಾವಿ ಹಳ್ಳಿಯ ಯಾರೋ ಕೊಟ್ಟ ಬೇರನ್ನು ತೇದು ಕುಡಿಸಿದಳು. ಅನ್ನಕ್ಕೆ ತುಪ್ಪ ಸುರಿದಳು. ತುಪ್ಪ ತಿಂದಷ್ಟೂ ತೇಲಿತು, ತಿಂದಷ್ಟೂ ನೋವು. ಒಂದು ಮಧ್ಯಾಹ್ನ ನಾನು ಅವಳ ಗಾದಿಯ ಮೇಲೆ ಮೊಣಕಾಲು ಎದೆಗೆ ಹಿಡಿದು ಬಿದ್ದಿದ್ದಾಗ, ಪಕ್ಕದಲ್ಲಿ ಕೂತು ಬೆನ್ನು ಉಜ್ಜುತ್ತ ಮೆಲ್ಲಗೆ ಕೇಳಿದಳು.

"ಲೇ ಇಮಾಮ, ಅಪ್ಪನೂ ಹಿಂಗ ಮಲಗ್ತಿದ್ದ, ನೆನಪೈತೇನು?"

ನೆನಪಿತ್ತು. ಅಪ್ಪ ಕುರುಗೋಡಿನ ಮನೆಯಲ್ಲಿ ಹೀಗೆಯೇ ಮುದ್ದೆಯಾಗಿ ಮಲಗುತ್ತಿದ್ದ. ಹೊಟ್ಟೆಶೂಲೆ ಎನ್ನುತ್ತಿದ್ದರು. ಊರಿನವರು ಬೇರೆ ಹೇಳುತ್ತಿದ್ದರು: ಸಾಬ ಕದ್ದು ಕುಡಿಯುತ್ತಾನೆ ಎಂದು. ನಾವಿಬ್ಬರೂ ಚಿಕ್ಕವರಿದ್ದಾಗ ಅದನ್ನು ನಂಬಿದ್ದೆವು. ಅಕ್ಕ ಉಜ್ಜುವುದನ್ನು ನಿಲ್ಲಿಸಿದಳು. ಇಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದೆವು. ಮಣ್ಣಿಗೆ ಹೋದವನ ಹತ್ತಿರ ಹೇಗೆ ಕ್ಷಮೆ ಕೇಳುತ್ತೀರಿ?

ನಾಲ್ಕು ತಿಂಗಳ ಕೊನೆಗೆ ತೋರಿಸಲು ಬಳ್ಳಾರಿಗೆ ಹೋದಾಗ ಕಾಯುವ ಬೆಂಚಿನ ಮೇಲೆ ಕೊಳಗಲ್ಲಿನ ಪಂಪನಗೌಡ ಸಿಕ್ಕರು. ಅದೇ ರೋಗ, ಅದೇ ಡಾಕ್ಟರಮ್ಮ. ಮೊದಲ ಸಲ ಆಸ್ಪತ್ರೆಯಲ್ಲಿದ್ದಾಗ ಎದುರು ಹಾಸಿಗೆಯಲ್ಲಿದ್ದವರು. ಆಗಲೇ ನನಗೆ ಹೇಳಿದ್ದರು: "ಸಾಬ್ರೇ, ನಾನು ಇಪ್ಪತ್ತು ವರ್ಷ ಕುಡಿದು ಈ ರೋಗ ತಗೊಂಡೀನಿ. ನೀವು ಕುಡೀಲಾರ್ದ ತಗೊಂಡೀರಿ. ಈಗ ಹೇಳ್ರಿ, ಲುಕ್ಸಾನ್ ಯಾರಿಗಾತು?"

ಈಗ ಅವರು ಅರವತ್ತು ಕೆಜಿ ದಾಟಿದ ತೂಕದಲ್ಲಿ ಕೂತಿದ್ದರು. ಆಪರೇಶನ್ ಆಗಿ ಎರಡು ತಿಂಗಳು. ಅಂಗಿ ಎತ್ತಿ ಹೊಲಿಗೆ ತೋರಿಸಿದರು. "ಕುಡಿಯೋದು ಬಿಟ್ಟೆ, ನೋವು ಬಿಡ್ತು. ನೀವು ಯಾಕ್ರೀ ಇಷ್ಟು ಇಳ್ದೀರಿ? ಎಂಜೈಮಿನ ಗುಳಿಗಿ ತಗೊಂಬಂಗಿಲ್ಲೇನು?"

"ತಪ್ಪದಂಗ ತಗೊಂತೀನಿ ಗೌಡ್ರೇ."

"ನಾನೂ ತಗೊಂತೀನಿ. ಮೊದಲ ತುತ್ತಿನ ಜೋಡಿ ಗುಟುಕ್ ಅಂತ ನುಂಗೋದು."

ಬರಿದೆ ನುಂಗುವುದು. ಓದು ಬರಹ ಕಡಿಮೆ ಪಾಪ, ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಒಳಗೆ ತೂಕ ನೋಡಿದರು. ನಲವತ್ತೊಂದು. ಡಾಕ್ಟರಮ್ಮ ಹುಬ್ಬುಗಂಟಿಕ್ಕಿ ಕೇಳಿದರು: "ಕ್ಯಾಪ್ಸೂಲ್ ಬಿಟ್ಟೀರೇನು?"

ನನಗಿಂತ ಮೊದಲು ಶಂಶಾದ್ ಹೇಳಿದಳು, ಅಭಿಮಾನದಿಂದ: "ಒಂದಿನಾನೂ ಬಿಟ್ಟಿಲ್ರೀ ಮೇಡಂ. ನಮ್ಮನಿಯವ್ರಿಗೆ ಎಂಜೈಮ್ ಬಗ್ಗಿ ಎಲ್ಲಾ ಗೊತ್ತೈತ್ರೀ. ನಾನ ಕುಟ್ಟಿ ಕೊಡ್ತೀನಿ, ಬಿಸಿನೀರಿಗೆ ಲಿಂಬಿಹಣ್ಣು ಹಿಂಡಿ, ಗಡಿಯಾರ ನೋಡ್ಕೊಂಡು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕುಟ್ಟಿ?"

"ಹೂಂ ರೀ. ಒರಳಿನಾಗ."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನನ್ನೇ ಕೇಳಿದರು: "ಇಮಾಮ್ ಸಾಬ್, ನಿಮ್ಮ ಬಟ್ಟಿ ಎಂಜೈಮಿಗೆ ಸೋಡಾ ಹಾಕಿದ್ರ ಏನಾಗ್ತೈತಿ?"

"ಸಾಯ್ತೈತ್ರಿ."

"ಇದಕ್ಕ ಹುಳಿ ಬಿದ್ರ ಸಾಯ್ತೈತಿ. ಹೊಟ್ಟಿಯಾಗ ಮೊದ್ಲೇ ಆಸಿಡ್ ಐತಿ. ಅದನ್ನ ದಾಟಿಸಾಕ ಅಂತನ ಆ ಕಾಳಿನ ಮ್ಯಾಲೆ ಪೊರಿ ಹಾಕಿರ್ತಾರ. ಕರುಳಿಗೆ ಹೋದ ಮ್ಯಾಲೆ ಪೊರಿ ಬಿಚ್ಚತೈತಿ, ಅಷ್ಟೊತ್ತಿಗೆ ಊಟನೂ ಅಲ್ಲಿ ಇರ್ಬೇಕು. ನೀವು ಪೊರಿ ಒಡದು, ಲಿಂಬಿಹಣ್ಣು ಹಿಂಡಿ, ಊಟ ಇಲ್ಲದಾಗ ಕುಡಿದೀರಿ."

ನನಗೆ ಒಂದೇ ಸಲಕ್ಕೆ ಎಲ್ಲ ಅರ್ಥವಾಯಿತು. ಹುಳಿಯಲ್ಲಿ ಬದುಕುವುದೂ ಎಂಜೈಮೇ, ಹುಳಿಯಲ್ಲಿ ಸಾಯುವುದೂ ಎಂಜೈಮೇ. ಒಂದೊಂದಕ್ಕೂ ಅದರದೇ ಜಾಗ, ಅದರದೇ ಹೊತ್ತು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಯೂನಿಟ್ಟಿನಲ್ಲಿ ಹೊಸ ಕ್ಯಾನು ಬಂದರೆ ಮೊದಲು ಅದರ ಮೇಲಿನ ಚೀಟಿ ಓದದೆ ಮುಟ್ಟಬಾರದೆಂದು ಎಲ್ಲರಿಗೂ ಬೈಯುವವನು ನಾನೇ. ನಾಲ್ಕು ತಿಂಗಳು, ದಿನಕ್ಕೆ ಮೂರು ಹೊತ್ತು, ನನ್ನ ಔಷಧಿಯನ್ನು ನಾನೇ ಶ್ರದ್ಧೆಯಿಂದ, ಗಡಿಯಾರ ನೋಡಿಕೊಂಡು, ಸಾಯಿಸಿ ಕುಡಿದಿದ್ದೆ.

ಬಸ್ಸಿನಲ್ಲಿ ಶಂಶಾದ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕುರುಗೋಡು ಸಮೀಪಿಸಿದಾಗ ಹೇಳಿದಳು: "ಕುಟ್ಟಿದ್ದು ನನ್ನ ಕೈಲೇ ಅಲ್ಲೇನ್ರಿ?"

"ಕುಟ್ಟು ಅಂದಿದ್ದು ನಾನು."

"ನಸೀಮಾ ನಂಗೂ ಹೇಳಿದ್ಲು. ನಾನ, ನಿಮ್ಮಪ್ಪಗ ಗೊತ್ತೈತಿ ಸುಮ್ನಿರು ಅಂದೆ."

ಮನೆಗೆ ಬಂದು ನಸೀಮಾಳಿಗೆ ಹೇಳಿದೆ. ಅವಳು ಗೆದ್ದೆನೆಂದು ಹಂಗಿಸಿದ್ದರೆ ಸಮಾಧಾನವಾಗುತ್ತಿತ್ತು. ಎದ್ದುಹೋಗಿ ಒರಳನ್ನು ತೊಳೆದು ಮೂಲೆಗಿಟ್ಟಳು.

ಅಲ್ಲಿಂದ ಮುಂದೆ ಗೌಡರಂತೆ ಗುಟುಕ್ಕನೆ ನುಂಗತೊಡಗಿದೆ. ಮೊದಲ ತುತ್ತಿಗೆ ಒಂದು, ಊಟದ ನಡುವೆ ಒಂದು. ಎರಡೇ ವಾರದಲ್ಲಿ ತೇಲುವುದು ನಿಂತಿತು. ಎಣ್ಣೆಯಿಲ್ಲದ ಪಾಯಿಖಾನೆಯನ್ನು ನೋಡಿ ಸಂತೋಷಪಟ್ಟ ಮನುಷ್ಯನನ್ನು ನೀವು ಎಲ್ಲೂ ಕಂಡಿರಲಿಕ್ಕಿಲ್ಲ. ನಾನು ಶಂಶಾದಳನ್ನು ಕರೆದು ತೋರಿಸಲೂ ಹೊರಟಿದ್ದೆ, ಅವಳು ಬರಲಿಲ್ಲ. ತೂಕ ಏರಿತು, ಆದರೆ ಗೆದ್ದಲು ಹುತ್ತ ಕಟ್ಟಿದಂತೆ, ಕಂಡೂ ಕಾಣದಂತೆ. ನಲವತ್ತೆರಡು. ನಲವತ್ಮೂರರಲ್ಲಿ ಎರಡು ತಿಂಗಳು ನಿಂತಿತು. ನಡುವೆ ಇನ್ನೆರಡು ಸಲ ಗೂಟದ ನೋವು ಬಂದು ಆಸ್ಪತ್ರೆ ಸೇರಿ, ಸಂಪಾದಿಸಿದ್ದೆಲ್ಲ ಅಲ್ಲೇ ಕಳೆದು ಬಂದೆ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಅದೇ ಗ್ರಂಥಿಯ ಕೆಲಸವಂತೆ ಅದೂ. ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಲು ಕಲಿತೆ.

ವರ್ಷ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ನೋವು ಕಡಿಮೆಯಾಗುತ್ತಾ ಬಂತು. ಮೊದಲು ವಾರಕ್ಕೊಮ್ಮೆ ಕಾಡುತ್ತಿದ್ದದ್ದು ತಿಂಗಳಿಗೊಮ್ಮೆ, ಆಮೇಲೆ ಒಂದು ಇಡೀ ಋತು ಬರಲೇ ಇಲ್ಲ. ಹುಟ್ಟಾ ಚಿಂತೆಗಾರನಾದ ನಾನು, ನೋವು ಇಲ್ಲದ್ದಕ್ಕೆ ಚಿಂತೆ ಮಾಡಬೇಕಿತ್ತು. ಅದೊಂದೇ ಸಲ ಚಿಂತೆ ಮಾಡಲಿಲ್ಲ. ಹಸಿವಾಗುತ್ತಿತ್ತು. ಪುಂಡಿಪಲ್ಲೆಗೆ ಎರಡು ರೊಟ್ಟಿ ಇಳಿಯುತ್ತಿತ್ತು. ನಲವತ್ತೆಂಟು. ನಲವತ್ತೊಂಬತ್ತು.

ಒಂದು ಶುಕ್ರವಾರ ಕಾಂಟಾ ಐವತ್ತು ತೋರಿಸಿತು. ಇಳಿದು ಮತ್ತೆ ಹತ್ತಿದೆ. ಜೇಬಿನ ಮೊಬೈಲು, ಬೀಗದ ಕೈ ತೆಗೆದಿಟ್ಟು ಹತ್ತಿದೆ. ಐವತ್ತೇ. ತಿಪ್ಪಣ್ಣನನ್ನು ಕರೆದು ಓದಿಸಿದೆ.

"ಐವತ್ತು," ಎಂದ. ಆಮೇಲೆ ಬಾಯ್ಲರಿನ ಸೀಟಿ ಉದ್ದಕ್ಕೆ ಊದಿಸಿದ. ಏನಾಯಿತೋ ಎಂದು ಪಕ್ಕದ ಹೊಲಿಗೆ ಯೂನಿಟ್ಟಿನವರೆಲ್ಲ ಹೊರಗೆ ಓಡಿ ಬಂದರು.

ಅಕ್ಕನಿಗೆ ಫೋನು ಹೋಯಿತು. ಶಂಶಾದ್ ಚೀಲ ಕಟ್ಟಿದಳು: ಎರಡು ಚಾದರ, ತಂಬಿಗೆ, ತಟ್ಟೆ, ನನ್ನ ಹಳೆಯ ಲುಂಗಿಗಳು, ಹತ್ತು ದಿನ ಆಸ್ಪತ್ರೆಯಲ್ಲಿ ಕೂರಬೇಕಾಗುತ್ತದೆಂದು ತನಗೆ ಒಣಗಿಸಿದ ಕಟಿ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಅಂದೇ ಸೇರಿಸಿಕೊಂಡರೂ ಸೇರಿಸಿಕೊಳ್ಳಬಹುದು ಎಂದು ನಾನು ಗಡ್ಡ ಟ್ರಿಮ್ ಮಾಡಿಸಿಕೊಂಡೆ.

ಡಾಕ್ಟರಮ್ಮ ತೂಕ ನೋಡಿ "ಭೇಷ್" ಎಂದರು. ಆಪರೇಶನ್ನಿಗೆ ಮೊದಲು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದರು. ಮಧ್ಯಾಹ್ನ ಒಳಗೆ ಕರೆದರು. ಶಂಶಾದ್ ಚೀಲದ ಜೊತೆ ಬೆಂಚಿನ ಮೇಲೆ ಉಳಿದಳು. ಹಾಳೆ ಬೆಳಕಿಗೆ ಹಿಡಿದೇ ಇತ್ತು. ಅವರು ಕೇಳಿದರು:

"ನೋವು ಹೆಂಗೈತಿ?"

"ಇಲ್ಲವೇ ಇಲ್ರೀ! ಐದು ತಿಂಗಳಾತು."

ಅವರು ತಲೆಯಾಡಿಸಿದರು, ತಮಗೆ ಮೊದಲೇ ಗೊತ್ತಿದ್ದುದನ್ನು ಕೇಳಿದವರಂತೆ. "ನೋಯಾಕ ಅಲ್ಲಿ ಏನೂ ಉಳಿದಿಲ್ಲ, ಇಮಾಮ್ ಸಾಬ್. ಗ್ರಂಥಿ ಪೂರ್ತಿ ಒಣಗೈತಿ. ಕಲ್ಲು ಅಷ್ಟ ಅದಾವು. ಸರ್ಜನ್ನೂ ನೋಡಿದ್ರು. ತೆರದು ಉಳಿಸೋವಂಥದ್ದು ಇಲ್ಲ. ಆಪರೇಶನ್ ಬೇಕಾಗಿಲ್ಲ."

ಬೇಕಾಗಿಲ್ಲ. ಬೇರೆ ಯಾರಿಗಾದರೂ ಇದು ಸಿಹಿಸುದ್ದಿಯ ಮಾತು.

"ಆ ನಾಲ್ಕು ತಿಂಗಳು," ಎಂದೆ. "ನಾನು ಕುಟ್ಟಿ ಕುಡಿದಿದ್ದು. ಅದನ್ನ ಮಾಡ್ದಿದ್ರ, ಆವಾಗ್ಲೇ ಐವತ್ತು ಆಗ್ತಿದ್ದೆ. ಅಲ್ಲೇನ್ರಿ?"

"ಹಂಗ ಹೇಳಾಕ ಬರಂಗಿಲ್ಲ," ಎಂದರು. ಒಳ್ಳೆಯ ಹೆಂಗಸು. ಹೇಳುವಾಗ ನನ್ನ ಮುಖ ನೋಡದೆ ಕಾಗದ ನೋಡಿದರು. ಅಷ್ಟರಲ್ಲೇ ನನಗೆ ಉತ್ತರ ಸಿಕ್ಕಿತು.

ಹೊರಗೆ ಬಂದೆ. ಶಂಶಾದ್ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಯಾವ ವಾರ್ಡು?"

ಹೇಳಿದೆ. ನಿಂತಲ್ಲೇ ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಅವಳು ನಕ್ಕಳು. "ನೋವಿಲ್ಲ, ಕತ್ತರೀನೂ ಬ್ಯಾಡ ಅಂದ್ರ ಚಲೋ ಆತಲ್ಲೇನ್ರಿ?" ಎಂದಳು. ಎರಡನೆಯ ಸಲ ಹೇಳಿದಾಗ ಚೀಲ ಇಳಿಸಿ ಕೂತಳು. ಎದುರಿಗೆ ಟೋಕನ್ ನಂಬರು ಕೂಗುತ್ತಿದ್ದರು. ಪಕ್ಕದಲ್ಲಿ ಒಬ್ಬಳು ಮಗುವಿಗೆ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದಳು. ನಾವಿಬ್ಬರೂ ಆ ಬಿಸ್ಕತ್ತನ್ನೇ ನೋಡುತ್ತ ಕೂತೆವು.

ಬಹಳ ಹೊತ್ತಿನ ಮೇಲೆ ಶಂಶಾದ್ ಗಡಿಯಾರ ನೋಡಿದಳು. ಎರಡೂವರೆ. ಊಟದ ಹೊತ್ತು ದಾಟಿತ್ತು. ಚೀಲದ ಬಾಯಿ ಬಿಚ್ಚಿ ರೊಟ್ಟಿಯ ಗಂಟು ತೆಗೆದಳು. ತಟ್ಟೆ ನನ್ನ ತೊಡೆಯ ಮೇಲಿಟ್ಟಳು. ಕಟಿ ರೊಟ್ಟಿ ಮುರಿದು, ಚಟ್ನಿ ಹಾಕಿ, ಪಕ್ಕಕ್ಕೆ ಎರಡು ಕ್ಯಾಪ್ಸೂಲು ಇಟ್ಟಳು. ನಾನು ಹೊಟ್ಟೆಗೆ ಸೂಜಿ ಚುಚ್ಚಿಕೊಂಡೆ.

"ಇದನ್ನ ಎಲ್ಲಿತನಕ ತಗೋಬೇಕಂತ್ರಿ?"

"ಉಣ್ಣೋತನಕ."

ಅವಳು ಕ್ಯಾಪ್ಸೂಲನ್ನು ನೋಡಿದಳು. ಆಮೇಲೆ ನನ್ನನ್ನು.

"ಹಂಗಾರ ಉಣ್ರಿ," ಎಂದಳು.